ಪೆನ್ಸಿಲ್ ಇಡುವ ಪಿಸ್ಟನ್

ಒಝಾರ್ಕ್ಸ್ ಸರೋವರದ ಒಂದು ಕಿರುಕೊಲ್ಲಿ,
ಸೀಡರ್ ಮರಗಳ ಹಿಂದೆ ತಗಡಿನ ಶೆಡ್ಡು.
ಬೋರ್ಡಿಲ್ಲ; ಬೇಕಾದವರಿಗೆ ದಾರಿ ಗೊತ್ತು.
ಒಳಗೆ ಆರ್ಲಿಸ್ ಟಕೆಟ್, ವಯಸ್ಸು ಎಪ್ಪತ್ತೊಂದು,
ಎರಡೂ ಕಿವಿಯನ್ನು ಇಂಜಿನ್ನುಗಳಿಗೆ ಕೊಟ್ಟವನು.
ನಾನು ಅವನ ತಂಗಿಯ ಮೊಮ್ಮಗಳು, ಟ್ವೈಲಾ.
ಒರೆಸುವುದು, ಅಳೆಯುವುದು, ಬರೆದಿಡುವುದು ನನ್ನ ಪಾಲು.

ಸ್ಟ್ಯಾಂಡಿನ ಮೇಲೆ ಬಿಗ್ ಬ್ಲಾಕ್,
ಐನೂರ ನಲವತ್ತು ಘನ ಇಂಚು,
ಬೋಳು ಕಬ್ಬಿಣದಲ್ಲಿ ಎಂಟು ಬಾವಿ.
ಬಾವಿಯ ಗೋಡೆಗೆ ಕಲ್ಲು ಗೀಚಿದ ಅಡ್ಡಡ್ಡ ಗೆರೆ.
ತೀರಾ ನುಣುಪಾದರೆ ಎಣ್ಣೆ ನಿಲ್ಲೋದಿಲ್ಲ, ಎನ್ನುತ್ತಾನೆ,
ಕಿವುಡರ ಹಾಗೆ ಊರಿಗೆಲ್ಲ ಕೇಳುವಂತೆ.

ಕೊಂಡವನು ಹಲ್ಲಿನ ಡಾಕ್ಟರು, ಬ್ರೆಂಟ್ ಹಾಲ್ಟ್‌ಹೌಸ್.
ಬಂದಾಗಲೆಲ್ಲ ಬ್ಲೋವರನ್ನೇ ಸವರುತ್ತಾನೆ,
ಕನ್ನಡಿಯಂತೆ ಉಜ್ಜಿದ ಅಲ್ಯುಮಿನಿಯಂ,
ಅದರಲ್ಲಿ ಅಗಲವಾಗಿ ಅವನದೇ ಮುಖ.
ಸಾವಿರದ ಇನ್ನೂರು ಕುದುರೆ ಬೇಕಂತೆ.
ಆರ್ಲಿಸ್ ತುಟಿ ಓದಿ ತಲೆಯಾಡಿಸುತ್ತಾನೆ, ಅಡ್ಡಕ್ಕೆ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ!
ಮೊದಲು ಕ್ರ್ಯಾಂಕು, ಬೇರಿಂಗು, ಎಣ್ಣೆಯ ದಾರಿ.
ಕುದುರೆ ಎಣಿಸೋದು ಲಾಯ ಕಟ್ಟಿದ ಮೇಲೆ.

ಕಾರಿಗೆ ಇಳಿಜಾರುಂಟು, ಕೆಂಪು ದೀಪವುಂಟು,
ಉಸಿರು ಬಿಡೋಕೆ ನೂರು ನೆಪ.
ಬೋಟಿಗೆ ಇಳಿಜಾರೆಲ್ಲಿದೆ, ಹುಡುಗಿ?
ನೀರು ಅಂದರೆ ಮಟ್ಟಸವಾಗಿ ಕಾಣುವ ಏರು.
ಬೆಳಗಿನಿಂದ ಸಂಜೆತನಕ ಬರೀ ಏರು.

ಹೊರಗೆ ಸರೋವರದ ತಣ್ಣೀರು ಬ್ಲಾಕನ್ನು ಬಿಗಿಯುತ್ತದೆ,
ಒಳಗೆ ಪಿಸ್ಟನ್ ಕಾದು ಹಿಗ್ಗುತ್ತದೆ.
ಅದಕ್ಕೇ ಜಾಗ ಬಿಡು.
ಇಂಚನ್ನು ಸಾವಿರ ಸೀಳು ಮಾಡು:
ಬೇರಿಂಗಿಗೆ ಮೂರು ಸೀಳು,
ಬಾಚಣಿಗೆಯಲ್ಲಿ ಉಳಿದ ನನ್ನದೊಂದು ಕೂದಲು;
ರಿಂಗಿನ ಬಾಯಿಗೆ ಇಪ್ಪತ್ತೊಂಬತ್ತು.
ಅರ ಹಿಡಿದು ಒಮ್ಮೆ ಉಜ್ಜುತ್ತೇನೆ, ಅಳೆಯುತ್ತೇನೆ.
ಒಮ್ಮೆ ಉಜ್ಜುತ್ತೇನೆ, ಅಳೆಯುತ್ತೇನೆ.
ಹದಿನಾರು ರಿಂಗು, ಎರಡು ದಿನ.
ಹೆಚ್ಚು ಉಜ್ಜಿದ್ದು ಮತ್ತೆ ಬೆಳೆಯೋದಿಲ್ಲ.

ಕಿಟಕಿಯ ಕಟ್ಟೆಯ ಮೇಲೊಂದು ಹಳೆಯ ಪಿಸ್ಟನ್,
ನೆತ್ತಿಯಲ್ಲಿ ತೂತು, ಅಂಚು ಮೇಣದ ಹಾಗೆ ಇಳಿದಿದೆ.
ಆ ತೂತಿನಲ್ಲಿ ಪೆನ್ಸಿಲ್ ನಿಲ್ಲಿಸುತ್ತಾನೆ.
ಯಾರ ಬೋಟಿನದು ಎಂದು ಒಮ್ಮೆ ಕೇಳಿದೆ.
ಪೆಟ್ರೋಲು ಸಾಲಲಿಲ್ಲ, ಗಾಳಿ ಹೆಚ್ಚಾಯಿತು, ಎಂದ.
ನಾನು ಕೇಳಿದ್ದು ಅದಲ್ಲ.

ಮೇ ತಿಂಗಳು, ನೀರಿನ ಮೇಲೆ ಇನ್ನೂ ಹೊಗೆಮಂಜು.
ಕೀಲಿ ತಿರುಗಿಸುವ ಮುನ್ನ ಐದು ನಿಮಿಷ ಫ್ಯಾನು;
ತಳದಲ್ಲಿ ಪೆಟ್ರೋಲಿನ ವಾಸನೆ ಉಂಟೇ ಎಂದು
ನಾಯಿಯ ಹಾಗೆ ಮೂಸುತ್ತಾನೆ ಮುದುಕ.
ಆಮೇಲೆ ಶುರು.
ಕೊಲ್ಲಿಯ ಬಾತುಗಳೆಲ್ಲ ಒಟ್ಟಿಗೆ ಎದ್ದವು.

ನಡುಸರೋವರದಲ್ಲಿ ಯಾರೋ ಬಿಟ್ಟುಹೋದ ಅಲೆ.
ಬೋಟು ಹಾರಿತು, ಪ್ರೊಪೆಲ್ಲರಿಗೆ ನೀರು ತಪ್ಪಿತು,
ತಡೆ ಇಲ್ಲದ ಇಂಜಿನ್ ಹುಚ್ಚೆದ್ದು ಕಿರುಚಿತು,
ಮತ್ತೆ ನೀರು ಸಿಕ್ಕಿ ದಡಕ್ಕನೆ ಕಚ್ಚಿತು.
ಆರ್ಲಿಸ್ ಉದ್ದನೆ ಸ್ಕ್ರೂಡ್ರೈವರನ್ನು ಕಬ್ಬಿಣಕ್ಕಿಟ್ಟು
ಹಿಡಿಯನ್ನು ದವಡೆಗೆ ಒತ್ತಿಕೊಂಡಿದ್ದ, ಕಣ್ಣುಮುಚ್ಚಿ.
ಡಾಕ್ಟರಿಗೆ ಹಲ್ಲೆಲ್ಲ ನಗು.

ದಂಡೆಗೆ ಬಂದು ನನ್ನ ಕಡೆ ತಿರುಗಿದ: ಹೇಳು.
ನಾನು ಕೇಳಿದ್ದು ಒಂದೇ ಗಳಿಗೆ,
ಎಡಸಾಲಿನಲ್ಲಿ, ಐದು ಸಾವಿರದ ಹತ್ತಿರ,
ತಗಡಿಗೆ ಉಗುರು ತಾಗಿದಂಥ ಟಿಕ್ಕು.
ಇತ್ತೋ ಇಲ್ಲವೋ.
ಎಲ್ಲ ಚೆನ್ನಾಗಿದೆ ಅಂದರೆ ಮನೆಗೆ ಹೋಗಬಹುದಿತ್ತು.
ಪ್ಲಗ್ ಬಿಚ್ಚೋಣ, ಅಂದೆ.

ಏಳನೆಯದರ ಬಿಳಿ ಪಿಂಗಾಣಿಯ ಮೇಲೆ
ಮೆಣಸಿನ ಪುಡಿಯಷ್ಟು ಚುಕ್ಕೆಗಳು.
ಡಾಕ್ಟರು ಗಡಿಯಾರ ನೋಡಿಕೊಂಡ.
ಮೇಲಿನ ಪುಲ್ಲಿ ದೊಡ್ಡದು ಹಾಕು, ಬರಕೋ:
ಗಾಳಿ ಕಡಿಮೆ, ಪೆಟ್ರೋಲು ಒಂದು ಗುಟುಕು ಜಾಸ್ತಿ.
ಅರವತ್ತು ಕುದುರೆ ಹೋಗಲಿ, ಇವನು ಬರಲಿ.

ಬರೆದು, ಪೆನ್ಸಿಲನ್ನು ಆ ತೂತಿಗೇ ಇಟ್ಟು,
ಅವನೆದುರಿಗೆ ನಿಂತು, ತುಟಿ ಬಿಡಿಸಿ ಬಿಡಿಸಿ
ಮತ್ತೆ ಕೇಳಿದೆ: ಯಾರ ಬೋಟಿನದು?
ನನ್ನ ಬಾಯನ್ನೇ ನೋಡಿದ, ಕೊನೆಯ ಅಕ್ಷರದವರೆಗೆ.
ಆಮೇಲೆ ಬೆಲ್ಟಿನ ಕಡೆ ಬಾಗಿ
ಕೈಚಾಚಿದ:
ಅರ್ಧ ಇಂಚಿನ ಸ್ಪ್ಯಾನರ್ ಕೊಡು.