ಸುದ್ದಿ ಇದ್ದರೆ ಮಾತ್ರ

ಗಂಗಾವತಿ ಬಸ್ಸು ಹಿರೇಬೆಣಕಲ್ಲಿನಲ್ಲಿ ಇಳಿಸಿದಾಗ
ಏಳೂ ಆಗಿರಲಿಲ್ಲ. ಮಾಘದ ಕೊನೆ.
ಕಾಲುವೆಯ ಈಚೆ ನಾಟಿ, ಮೊಣಕಾಲುದ್ದ ಕೆಸರು;
ಆಚೆ ಒಮ್ಮೆಲೇ ಕಲ್ಲು.

ದಾರಿ ತೋರಿಸಲು ಬಂದವಳು ಫಕೀರವ್ವ.
ಹೆಗಲಿಗೆ ಕುಡುಗೋಲು, ಉಡಿಯಲ್ಲಿ ಬುತ್ತಿ,
ಹಳೇ ಎಣ್ಣೆ ಡಬ್ಬಿಯ ತುಂಬ ನೀರು.
"ಫೋಟೋದವರೇನು, ಲೆಕ್ಕದವರೇನು?"
"ಲೆಕ್ಕ" ಅಂದೆ. ಸುಳ್ಳಲ್ಲ.
ಗ್ರಾನೈಟ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷದಿಂದ
ಸ್ಲ್ಯಾಬಿನ ಚದರಡಿ ಬರೆಯುವವಳು ನಾನು.
ರಜೆ ಹಾಕಿ ಬಂದಿದ್ದೆ,
ಮಾರಾಟಕ್ಕಿಲ್ಲದ ಕಲ್ಲು ಹೇಗಿರುತ್ತದೆ ನೋಡಲು.
ಅದನ್ನು ಅವಳಿಗೆ ಹೇಳಲಿಲ್ಲ.

ಏರು.
ಕಲ್ಲ ಮೇಲೆ ಕಲ್ಲು, ಅದರ ಮೇಲೊಂದು
ಬೀಳಲೋ ಬೇಡವೋ ಎಂದು ನಿಂತು ಮರೆತದ್ದು.
ಮುಳ್ಳುಹುಲ್ಲು ಚೂಡಿದಾರದ ಅಂಚಿಗೆ ಹೊಲಿಗೆ ಹಾಕುತ್ತದೆ.
ಬಾರಿಬೀಜ ತುಂಬಿದ ಕರಡಿ ಹಿಕ್ಕೆಯನ್ನು
ಫಕೀರವ್ವ ಕಡ್ಡಿಯಿಂದ ಕೆದಕಿ, "ನಿನ್ನೇದು" ಎಂದಳು,
ಪೇಪರಿನ ತಾರೀಖು ನೋಡಿದ ಹಾಗೆ.

ನನ್ನ ಕಣ್ಣಿಗೊಂದು ಕೆಟ್ಟ ಚಾಳಿ.
ಬಂಡೆ ಕಂಡಲ್ಲೆಲ್ಲ ಗೆರೆ ಎಳೆಯುತ್ತದೆ:
ಇಲ್ಲಿ ತೂತು, ಇಲ್ಲಿ ಬೆಣೆ, ಇಲ್ಲಿ ತಂತಿ ಗರಗಸ,
ಇಷ್ಟು ಲೋಡು, ಇಷ್ಟು ವೇಸ್ಟು.
ಗುಂಡಿನ ಬೆನ್ನ ಮೇಲೆ ಗುಲಾಬಿ ಹರಳು ಹೊಳೆದರೆ
ಬಾಯಿ ತನ್ನಷ್ಟಕ್ಕೆ ದರ ಹೇಳುತ್ತದೆ.

ನೆತ್ತಿಗೆ ಸ್ವಲ್ಪ ಕೆಳಗೆ
ಏನೂ ಹೇಳದೆ ಚಪ್ಪಲಿ ಬಿಟ್ಟಳು.
ಗುಡಿಯಿಲ್ಲ, ಕುಂಕುಮವಿಲ್ಲ, ಗಂಟೆಯಿಲ್ಲ.
ನಾನೂ ಬಿಟ್ಟೆ. ಕಲ್ಲು ಆಗಲೇ ರೊಟ್ಟಿಯ ಹೆಂಚು.

ಆಮೇಲೆ ಮನೆಗಳು.
ಚಪ್ಪಡಿ ಗೋಡೆ, ಚಪ್ಪಡಿ ಮಾಡು,
ಎದುರಿಗೆ ದುಂಡನೆಯ ಕಿಂಡಿ, ತಲೆ ಹಿಡಿಸುತ್ತದೆ, ಹೆಗಲು ಹಿಡಿಸದು.
ಸಾಲುಸಾಲು. ಕೆಲವು ಮಂಡಿಯೂರಿ, ಕೆಲವು ಮಲಗಿ.
"ಮೋರೇರ ಮನಿ. ಗೇಣು ಗೇಣು ಮಂದಿ.
ಬೆಂಕಿ ಮಳಿ ಬಂತು, ಒಳಗ ಹೊಕ್ಕು ಕುಂತ್ರು.
ಮಳಿ ನಿಂತಿದ್ದು ಅವರಿಗೆ ಯಾರೂ ಹೇಳಲಿಲ್ಲ."
ಎಲೆಯಡಿಕೆ ದವಡೆಗಿಟ್ಟು ಅಷ್ಟೇ ಹೇಳಿದಳು.

ಒಂದು ಚಪ್ಪಡಿಯ ದಪ್ಪ ಬೆರಳಲ್ಲಿ ಅಳೆದೆ.
ಬೆಂಕಿಯಿಟ್ಟು ನೀರು ಸುರಿದು ಎಬ್ಬಿಸಿದ ಪದರವಿರಬೇಕು.
ಅಂಚು ಸೊಟ್ಟ. ನಮ್ಮಲ್ಲಾದರೆ ರಿಜೆಕ್ಟು.
ಎಷ್ಟು ಸಾವಿರ ವರ್ಷದಿಂದ ನಿಂತಿದೆಯೋ ಈ ರಿಜೆಕ್ಟು.

ಇನ್ನೂ ಮೇಲೆ, ಒಂಟಿ ಬಂಡೆಯ ನೆತ್ತಿಯಲ್ಲಿ
ಕವುಚಿಟ್ಟ ಬೋಗುಣಿಯಂಥ ಗುಂಡು. ನಗಾರಿ.
ಗೆಣ್ಣಿನಿಂದ ತಟ್ಟಲು ಹೋದೆ, ಅಭ್ಯಾಸ;
ಗಟ್ಟಿ ಕಲ್ಲು ಕಂಚು ಅನ್ನುತ್ತದೆ, ಬಿರುಕಿನದು ಮಡಕೆ ಅನ್ನುತ್ತದೆ.
ಅವಳು ಕೈ ಹಿಡಿದಳು.
"ಸುದ್ದಿ ಇದ್ದರ ಬಡೀಬೇಕು. ಸುಮ್‌ಸುಮ್ನ ಬಡೀಬಾರದು."
ಹಿಂದೊಮ್ಮೆ ಅವಳ ಮೈದುನನ ಮಗ
ಕಲ್ಲ ಸಂದಿಯಲ್ಲಿ ಸಿಕ್ಕಿಕೊಂಡಾಗ ಬಡಿದದ್ದು.
ಮೂರೂರ ಮಂದಿ ಕಂದೀಲು ಹಿಡಿದು ಹತ್ತಿ ಬಂದಿದ್ದರಂತೆ.

ಸುದ್ದಿ.
ಕೂತೆ. ಡಬ್ಬಿಯ ನೀರಿಗೆ ಇನ್ನೂ ಎಣ್ಣೆ ವಾಸನೆ.
ಹೋದ ತಿಂಗಳು, ಶನಿವಾರ, ಸಂಜೆ ಐದಕ್ಕೆ,
ಕುಷ್ಟಗಿ ಕಡೆಯ ಒಂದು ಸರ್ವೆ ನಂಬರಿನ ಮುಂದೆ
ನಾನೇ ಬರೆದಿದ್ದೆ: ಉಳಿಕೆ ಸೊನ್ನೆ.
ಕೆಳಗೆ ಎರಡು ಗೆರೆ ಎಳೆದು,
ಪೆನ್ನಿಗೆ ಟೋಪಿ ಹಾಕಿ, ಚಹಾ ಕುಡಿದೆ.
ಯಾರೂ ಏನೂ ಬಡಿಯಲಿಲ್ಲ.

ಹಿಡಿಗಲ್ಲು ತೆಗೆದುಕೊಂಡೆ. ಒಂದೇ ಏಟು.
ಒಳಗಿಂದ ಯಾರೋ ಅಗುಳಿ ತೆಗೆದ ಸದ್ದು
ಬಂಡೆಯಿಂದ ಬಂಡೆಗೆ ಇಳಿಯುತ್ತ ಹೋಯಿತು.
ದೂರದ ಕೆಸರಲ್ಲಿ ಬಗ್ಗಿದ್ದ ಹೆಂಗಸರು,
ಇರುವೆಯಷ್ಟು, ಬೆನ್ನು ನೆಟ್ಟಗೆ ಮಾಡಿದರು.

ಫಕೀರವ್ವ ಸೆರಗು ತಲೆಗೆಳೆದುಕೊಂಡಳು.
"ಯಾರು ಹ್ವಾದ್ರು?"
"ಒಂದು ಗುಡ್ಡ."
ಅವಳು ನಗಲಿಲ್ಲ. ಎಲೆಯಡಿಕೆ ಉಗುಳಿ, ಬಾಯಿ ಒರೆಸಿಕೊಂಡು,
ಬೀಗರ ಮನೆಯ ಸಾವು ವಿಚಾರಿಸುವ ದನಿಯಲ್ಲಿ
"ಯಾವೂರಿಂದು? ಏನಂತಿದ್ರು ಅದಕ?" ಅಂದಳು.

ಸರ್ವೆ ನಂಬರು ನೆನಪಿತ್ತು.
ಹೆಸರು ಗೊತ್ತಿರಲಿಲ್ಲ.