ಏಳಿನ ಸೊಂಟ

ಮೊದಲು ಹಳೇ ಚೀಟಿ ಕೀಳು, ನೌಫಲ್.
ಈ ಪೆಟ್ಟಿಗೆ ಒಮ್ಮೆ ಬಿಸ್ಕತ್ತು ಹೊತ್ತು
ಕಾಸರಗೋಡಿಗೆ ಹೋಗಿ ಬಂದದ್ದು;
ಎರಡು ಊರು ಒಟ್ಟಿಗೆ ಕಂಡರೆ
ಲಾರಿಗೆ ತಲೆ ಕೆಡುತ್ತದೆ.

ಒರೆಸು ಮಾರಾಯ, ಇದು ಮಂಗಳೂರು ಬಂದರಿನ ಗಾಳಿ.
ಒದ್ದೆ ರಟ್ಟಿನಲ್ಲಿ ಗೋಂದು ನಿಲ್ಲುವುದಿಲ್ಲ,
ನಿಂತ ಹಾಗೆ ಮಾಡುತ್ತದೆ.
ಮೂಲೆಗೆ ಮಡಚಬೇಡ, ಸಪಾಟು ಮುಖಕ್ಕೆ ಇಡು.
ಬಾರ್‌ಕೋಡಿನ ಮೇಲೆ ಟೇಪು ಬೇಡ,
ಹೊಳಪಿಗೆ ಯಂತ್ರ ಕುರುಡು.

ಹೋದ ವರ್ಷ ಸಿಗಡಿ ಚಟ್ನಿಯ ಕಟ್ಟೊಂದು
ಹನ್ನೊಂದು ದಿನ ಊರೂರು ತಿರುಗಿ
ನನ್ನ ಮೇಜಿಗೇ ಬಂತು.
ಪಿನ್‌ಕೋಡಿನ ಏಳು
ನನ್ನ ಕೈಯಲ್ಲಿ ಒಂದಾಗಿತ್ತು.
ಧಣಿ ಬೈಯಲಿಲ್ಲ.
ಮೂಸಿ ನೋಡಿದರು, ಅಷ್ಟೆ.
ಅಂದಿನಿಂದ ಏಳಿನ ಸೊಂಟಕ್ಕೆ ಅಡ್ಡಗೆರೆ ಎಳೆಯುತ್ತೇನೆ.
ನೀನೂ ಎಳೆ.

‘ಕಟಪಾಡಿ, ಹುಣಸೆಮರದ ಹಿಂದಿನ ಮನೆ’ ಅಂತ ಉಂಟಾ?
ಆ ಮರ ಕಡಿದು ಆರು ವರ್ಷ, ರಸ್ತೆ ಅಗಲವಾಯಿತಲ್ಲ.
ಆದರೂ ಹಾಗೇ ಬರೆ, ಫೋನ್ ನಂಬರು ಸೇರಿಸು;
ಹಂಚುವ ವಾಮನಣ್ಣನಿಗೆ
ಮರ ಈಗಲೂ ಕಾಣುತ್ತದೆ.

ಇನ್ನು ಅಂಗೈಯಿಂದ ಒತ್ತು,
ನಡುವಿನಿಂದ ಅಂಚಿಗೆ, ಗುಳ್ಳೆ ಉಳಿಯದ ಹಾಗೆ.

ಹಾಂ. ಕೈ ತೆಗೆ.
ಇದು ಈಗ ನಮ್ಮದಲ್ಲ.