ಅರ್ಧ ಇಂಚು

ಹಿಂಬದಿಯ ಹಲಗೆಗೆ ಎಂಟು ಸ್ಕ್ರೂ ಇರಬೇಕಿತ್ತು.
ಸಿಕ್ಕಿದ್ದು ಐದು.
ನಾಲ್ಕು ಕಪ್ಪು, ಗುಂಡುತಲೆ, ಒಂದೇ ಅಚ್ಚಿನವು.
ಐದನೆಯದು ಹಿತ್ತಾಳೆ, ಸೀಳುತಲೆ,
ಯಾರದೋ ಮದುವೆಮನೆಗೆ ತಪ್ಪಿ ಬಂದು
ಪಂಕ್ತಿಯಲ್ಲಿ ಕೂತೇಬಿಟ್ಟ ದಾರಿಹೋಕನ ಹಾಗೆ.

ಡುಲೂತಿನಲ್ಲಿ ಜನವರಿ. ರೇವು ಹೆಪ್ಪುಗಟ್ಟಿ
ಅದಿರಿನ ಹಡಗುಗಳು ಕಟ್ಟಿಹಾಕಿದಲ್ಲೇ ನಿಂತಿವೆ.
ಗ್ಯಾರೇಜಿನ ಸೀಮೆಎಣ್ಣೆ ಹೀಟರು
ನನ್ನ ಒಂದೇ ಮಗ್ಗುಲನ್ನು ಬೆಚ್ಚಗಿಡುತ್ತದೆ.
ಕಳಚಿದ್ದನ್ನೆಲ್ಲ ಮಫಿನ್ ತಟ್ಟೆಯ ಗುಳಿಗಳಿಗೆ ಹಾಕಿ
ಚೀಟಿ ಅಂಟಿಸಿದ್ದೇನೆ: ನಾಣ್ಯದ ಬಾಗಿಲು,
ಗಾಜಿನ ಪಟ್ಟಿ, ಜಾಯ್‌ಸ್ಟಿಕ್ಕು, ಗೊತ್ತಿಲ್ಲ.
ಗೊತ್ತಿಲ್ಲ ಎಂಬ ಗುಳಿಯೇ ತುಂಬಿ ಚೆಲ್ಲುತ್ತಿದೆ.

ಲೆರಾಯ್ ಸ್ಕೋಗ್ಲಂಡನ ಅಂಗಡಿಯಲ್ಲಿ
ಗೋಡೆಯುದ್ದಕ್ಕೂ ಸಣ್ಣ ಸಣ್ಣ ಡ್ರಾಯರು.
ಮಾದರಿಯನ್ನು ಅಂಗೈಯಲ್ಲಿ ಹೊರಳಿಸಿ ಕೇಳಿದ:
ಎಂಟೋ ಹತ್ತೋ? ಒರಟು ಸುತ್ತೋ ನಯ ಸುತ್ತೋ?
ಕಪ್ಪು ಬಳಿದದ್ದೋ, ಕಪ್ಪಾಗಿಸಿದ ಉಕ್ಕೋ?
ಎರಡೂ ಒಂದೇ ಅಲ್ಲವೇ, ಅಂದೆ.
ಕನ್ನಡಕದ ಮೇಲಿಂದ ನೋಡಿದ,
ಉಪ್ಪಿಗೆ ಸಕ್ಕರೆ ಅಂದವಳನ್ನು ನೋಡುವಂತೆ.
"ಬಳಿದದ್ದು ಮೊದಲ ತಿರುವಿಗೇ ಎದ್ದುಹೋಗ್ತದೆ, ಐಲಿ.
ಸ್ಟೇನ್‌ಲೆಸ್ ಕೊಡಲೇನು? ನಮ್ಮಿಬ್ಬರನ್ನೂ ಮಣ್ಣು ಮಾಡಿ ಬಂದು
ಮತ್ತೂ ಹೊಳೀತಿರ್ತದೆ."
ಬೇಡ, ಅಂದೆ. ಅಷ್ಟೊಂದು ಹೊಳೆಯುವುದು ಬೇಡ.

ತೂತು ಕೊರೆದ ಅಳತೆಪಟ್ಟಿ ಕೊಟ್ಟ.
ಒತ್ತಿದರೆ ಇಳಿಯುವುದು ನಿನ್ನದಲ್ಲ,
ಬೆರಳ ತುದಿಯಲ್ಲಿ ತಿರುಗಿಸಿದರೆ
ತಾನಾಗಿ ಒಳಗೆ ಹೋಗುವುದು ನಿನ್ನದು, ಅಂದ.
ಮೂರು ಸಾಕಿತ್ತು. ನಾಲ್ಕು ಎಣಿಸಿ
ಕಾಗದದ ಪೊಟ್ಟಣಕ್ಕೆ ಹಾಕಿದ. ನಾನು ತಕರಾರು ಮಾಡಿದೆ:
ಹಿತ್ತಾಳೆಯದು ಇರಲಿ, ಅದು ಆರ್ವೋ ಮಾವನದು.

ಮಾವ ಬೌಲಿಂಗ್ ಅಂಗಡಿಯ ಮೆಕ್ಯಾನಿಕ್.
ಬೇಸಗೆಯಲ್ಲಿ ದೋಣಿ ಕಟ್ಟುತ್ತಿದ್ದ, ಅಂಗಿಯ ಜೇಬಿನಲ್ಲಿ
ವರ್ಷವಿಡೀ ಹಿತ್ತಾಳೆಯೇ ಝಣಝಣ.
ಮಾಲೀಕನ ಲೆಕ್ಕಕ್ಕೆ ಸೇರದಂತೆ
ಉಗುರುಬಣ್ಣ ಬಳಿದ ಕೆಂಪು ಕ್ವಾರ್ಟರುಗಳನ್ನು
ನನ್ನ ಕೈಲಿ ಸುರಿಯುತ್ತಿದ್ದ. ಬಿಯರ್ ಕ್ರೇಟಿನ ಮೇಲೆ ನಿಂತು
ಮುಳುಗುಗಾರನನ್ನು ಆಕ್ಟೋಪಸ್ಸಿನ ಕೈಗೆ
ಮತ್ತೆ ಮತ್ತೆ ಕೊಡುತ್ತಿದ್ದೆ ನಾನು.
ಒಂದು ಚಳಿಗಾಲ ಪರದೆ ಕತ್ತಲಾಯಿತು.
ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಮೂರು ರಾತ್ರಿ
ಫಿನ್ನಿಷ್ ಬೈಗುಳದಲ್ಲಿ ಒಳಗೆಲ್ಲ ಹುಡುಕಿದ.
ಆಮೇಲೆ ಅದು ಕೋಟು ತೂಗುಹಾಕುವ ಗೂಟವಾಯಿತು,
ಅಂಗಡಿ ಕೆಡವುವ ತನಕ.

ನಿನ್ನೆ ತಂತಿಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ ಬರುತ್ತಿದ್ದೆ.
ಒಂದರ ಸಿಪ್ಪೆ ಸುಲಿದಿತ್ತು, ಸುತ್ತ ಸುಟ್ಟ ಕಪ್ಪು.
ಎದುರಿಗೆ ನೇರ ಹಲಗೆಯ ಐದನೇ ತೂತು.
ಹಿತ್ತಾಳೆಯನ್ನು ಕೂರಿಸಿ ನೋಡಿದೆ:
ಒಳಗೆ ಅರ್ಧ ಇಂಚು ಮೂತಿ ಹೊರಚಾಚಿತು.

ಎಲ್ಲೆಲ್ಲೋ ಹುಡುಕಿದೆಯಲ್ಲ ಮಾವ,
ನಿನ್ನ ಜೇಬನ್ನೊಂದು ಬಿಟ್ಟು.

ಎಷ್ಟು ಹೊತ್ತು ನೆಲದಲ್ಲೇ ಕೂತಿದ್ದೆನೋ.
ನಗು ಬಂತು, ನಗುವ ಕಡೆಗೆ ಹೀಟರು ಇರಲಿಲ್ಲ.
ನಾಲ್ಕನೆಯ ಕಪ್ಪು ಸ್ಕ್ರೂ ಪೊಟ್ಟಣದಲ್ಲಿ ಕಾಯುತ್ತಿತ್ತು,
ಲೆರಾಯ್‌ಗೆ ಎಲ್ಲ ಗೊತ್ತಿದ್ದ ಹಾಗೆ.
ಅದನ್ನು ಹಾಕಲಿಲ್ಲ.
ಹಿತ್ತಾಳೆಯ ತಲೆಗೆ ಬಟ್ಟೆ ಸುತ್ತಿ, ವೈಸಿನಲ್ಲಿ ಬಿಗಿದು
ಗರಗಸ ಆಡಿಸಿದೆ. ಮೆತ್ತಗಿನ ಲೋಹ,
ಬೇಗ ಒಪ್ಪಿಕೊಂಡಿತು.
ತುದಿಯನ್ನು ಅರದಲ್ಲಿ ಉಜ್ಜಿ ಮೊಂಡು ಮಾಡಿ
ಅದರ ಜಾಗಕ್ಕೇ ತಿರುಗಿಸಿದೆ.

ಉಳಿದ ಮೂರು ತೂತು ಹಿಗ್ಗಿಹೋಗಿವೆ,
ಹಲಗೆ ನೀರು ಕುಡಿದು ಪುಡಿ.
ಎಷ್ಟೇ ಸರಿಯಾದ ಸ್ಕ್ರೂ ತಂದರೂ
ಕಚ್ಚಲು ಏನಾದರೂ ಬೇಕಲ್ಲ.
ಬೆಂಕಿಕಡ್ಡಿಗಳ ತಲೆ ಮುರಿದು
ಅಂಟಿನಲ್ಲಿ ಅದ್ದಿ ತುರುಕಿದ್ದೇನೆ.
ಒಣಗಲು ನಾಳೆ ಬೆಳಗಾಗಬೇಕು.

ಹೀಟರು ಆರಿಸುತ್ತೇನೆ.